ಆರು ಸಲ ಮಾತ್ರ ಬಳಸಿದ ಟೆಂಟು, ಶೂ ಸಜ್ಜದ ಮೇಲೇ ಹಾಳಾಗಿದ್ದು ಹೇಗೆ?

ಪ್ರಶ್ನೆ: ಸರ್, ನಾನು ಬನಶಂಕರಿಯಲ್ಲಿರೋದು, ಬ್ಯಾಂಕ್ ಕೆಲಸ. 2018ರಲ್ಲಿ ಕ್ಯಾಂಪಿಂಗ್ ಹುಚ್ಚು ಹತ್ತಿ ಯೂಟ್ಯೂಬ್ ನೋಡ್ಕೊಂಡು ಟೆಂಟು, ವಾಟರ್‌ಪ್ರೂಫ್ ಶೂ, ರೇನ್ ಜಾಕೆಟ್ಟು, ಕಾರ್ಬನ್ ಸ್ಟೀಲ್ ಚಾಕು ಎಲ್ಲಾ ತಗೊಂಡೆ. ಎಲ್ಲಾ ಸೇರಿ ಆರು ಸಲ ಬಳಸಿರಬಹುದು. ಆಮೇಲೆ ಕೊರೋನಾ, ಆಮೇಲೆ ಮಗು, ಹಾಗಾಗಿ ನೀಟಾಗಿ ಮಡಿಚಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಸಜ್ಜದ ಮೇಲೆ ಇಟ್ಟಿದ್ದೆ. ಈ ಜೂನಲ್ಲಿ ಸಕಲೇಶಪುರದ ಹತ್ರ ಫ್ರೆಂಡ್ ಕಾಫಿ ತೋಟದಲ್ಲಿ ಎರಡು ರಾತ್ರಿ ಇರೋಣ ಅಂತ ಹೋದ್ವಿ. ಟೆಂಟ್ ಬಿಚ್ಚಿದ್ರೆ ಅಂಟಂಟು, ವಾಂತಿ ಥರ ವಾಸನೆ. ಶೂ ಹಾಕಿ ಅರ್ಧ ಗಂಟೆಗೆ ಬಲಗಾಲಿನ ಸೋಲ್ ಬಾಯಿ ಬಿಡ್ತು, ಸಂಜೆಗೆ ಎಡಗಾಲಿಂದೂ. ಚಾಕು ಲೆದರ್ ಕವರಿಂದ ಎಳೆದ್ರೆ ಕೆಂಪು ತುಕ್ಕು. ಜಾಕೆಟ್ ಒಳಗೆಲ್ಲ ಒದ್ದೆ. ಜೊತೆಗಿದ್ದ ತೋಟದ ಅಣ್ಣ ಒಬ್ರು ಗಮ್‌ಬೂಟು, ಕಂಬಳಿ ಕೊಪ್ಪೆ, ಸೊಂಟಕ್ಕೊಂದು ಕತ್ತಿ ಇಟ್ಕೊಂಡು ಆರಾಮಾಗಿ ಓಡಾಡ್ತಿದ್ರು, ನನ್ನ ಹೆಂಡತಿ ಇನ್ನೂ ಅದನ್ನೇ ಹೇಳ್ಕೊಂಡು ನಗ್ತಾಳೆ. ಇಷ್ಟು ಕಮ್ಮಿ ಬಳಸಿದ್ದು ಹಾಳಾಗತ್ತಾ ಅಥವಾ ನಂಗೆ ಡೂಪ್ಲಿಕೇಟ್ ಮಾಲು ಕೊಟ್ಟಿದಾರಾ? ಎಲ್ಲಾ ಬಿಸಾಕಿ ಹೊಸದು ತಗೊಳ್ಬೇಕಾ? ಆ ಥರದ ಕತ್ತಿ ನಾನೂ ಇಟ್ಕೋಬಹುದಾ?

ಉತ್ತರ: ಡೂಪ್ಲಿಕೇಟ್ ಅಲ್ಲ, ನಿಮಗೆ ಮೋಸನೂ ಆಗಿಲ್ಲ. ನಿಮ್ಮ ಪತ್ರದಲ್ಲಿ ನೀವೇ ಉತ್ತರ ಬರೆದಿದ್ದೀರ, "ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಸಜ್ಜದ ಮೇಲೆ" ಅಂತ. ನಾನು ಹದಿನೇಳು ವರ್ಷದಿಂದ ಇಲ್ಲೇ ಬಸವನಗುಡಿ ಕಡೆ ಟ್ರೆಕ್ಕಿಂಗ್ ಸಾಮಾನು ರಿಪೇರಿ ಮಾಡ್ತಾ, ಬಾಡಿಗೆಗೂ ಕೊಡ್ತಾ ಇದೀನಿ. ಕಾಡಲ್ಲಿ ಕಲ್ಲಿಗೆ ಉಜ್ಜಿ ಹರಿದು ಬರೋ ಸಾಮಾನಿಗಿಂತ ಮನೇಲಿ ಸುಮ್ಮನೆ ಕೂತು ಸತ್ತು ಬರೋದೇ ಜಾಸ್ತಿ. ಬಾಡಿಗೆಗೆ ವಾರ ವಾರ ಹೋಗೋ ಟೆಂಟ್ ಏಳೆಂಟು ವರ್ಷ ಬಂದಿರೋದು ಇದೆ, ಅದೇ ಬ್ಯಾಚಲ್ಲಿ ತಗೊಂಡು ಗೋಡೌನಲ್ಲಿ ಮರೆತುಬಿಟ್ಟಿದ್ದು ನಾಲ್ಕನೇ ವರ್ಷಕ್ಕೆ ಅಂಟು ಬಿಟ್ಟಿದ್ದೂ ಇದೆ. ಕಮ್ಮಿ ಬಳಸಿದ್ದು ಹೊಸದರ ಹಾಗೇ ಇರತ್ತೆ ಅನ್ನೋದು ಸ್ಟೀಲ್ ಪಾತ್ರೆಗೆ ಸರಿ, ಇದಕ್ಕಲ್ಲ.

ಶೂ ಇಂದ ಶುರು ಮಾಡೋಣ, ಯಾಕಂದ್ರೆ ಅದೇ ಅಪಾಯದ್ದು. ಟೆಂಟ್ ಸೋರಿದ್ರೆ ನಿದ್ದೆ ಹೋಗತ್ತೆ, ಇಳಿಜಾರಲ್ಲಿ ಸೋಲ್ ಕಿತ್ತುಬಂದ್ರೆ ಕಾಲೇ ಹೋಗತ್ತೆ. ನಿಮ್ಮ ಶೂನಲ್ಲಿ ನೆಲ ಮುಟ್ಟೋ ಕಪ್ಪು ರಬ್ಬರಿಗೂ ಮೇಲಿನ ಬಟ್ಟೆಗೂ ಮಧ್ಯೆ ಒಂದು ಸ್ಪಂಜಿನ ಪದರ ಇದೆಯಲ್ಲ, ಅದಕ್ಕೆ ಮಿಡ್‌ಸೋಲ್ ಅಂತಾರೆ. ಗಟ್ಟಿಮುಟ್ಟಾದ ಟ್ರೆಕ್ಕಿಂಗ್ ಶೂಗಳಲ್ಲಿ ಸುಮಾರಾಗಿ ಇದು ಪಾಲಿಯುರೆಥೇನ್, ಪಿಯು. ಈ ಪಿಯುಗೆ ನೀರಿನ ಆವಿ ಆಗಲ್ಲ. ಗಾಳೀಲಿರೋ ತೇವ ನಿಧಾನಕ್ಕೆ ಒಳಗೆ ಹೋಗಿ ಅದರ ಕೊಂಡಿಗಳನ್ನ ಒಂದೊಂದಾಗಿ ಕಡಿಯತ್ತೆ, ಹೈಡ್ರಾಲಿಸಿಸ್ ಅಂತ ಹೆಸರು, ಶೆಕೆ ಜಾಸ್ತಿ ಆದಷ್ಟೂ ಬೇಗ. ಹೊರಗಿಂದ ಶೂ ಫಳಫಳ ಅಂತಿರತ್ತೆ, ಒಳಗೆ ಹಳೇ ಮೈಸೂರ್‌ಪಾಕ್ ಥರ ಪುಡಿಪುಡಿ. ಐದಾರು ವರ್ಷ ಆದ್ಮೇಲೆ ಯಾವಾಗ ಬೇಕಾದ್ರೂ ಆಗಬಹುದು, ಹಾಕ್ಕೊಂಡ್ರೂ ಸರಿ ಹಾಕ್ಕೊಳ್ಳದಿದ್ರೂ ಸರಿ. ಬದಲಿಗೆ ಆಗಾಗ ಹಾಕ್ಕೊಂಡು ನಡೀತಿದ್ರೆ ಪ್ರತಿ ಹೆಜ್ಜೆಗೂ ಆ ಸ್ಪಂಜು ಹಿಂಡಿದಂಗಾಗಿ ತೇವ ಹೊರಗೆ ಹೋಗತ್ತೆ ಅಂತ ಶೂ ಮಾಡೋರೇ ಹೇಳ್ತಾರೆ.

ನಂದೇ ಕತೆ ಕೇಳಿ. ಒಂದು ಸಲ ಕುದುರೆಮುಖ ಇಳೀತಾ ಇರೋವಾಗ ನನ್ನ ಶೂನೂ ಹಿಂಗೇ ಎರಡು ಕಾಲಿಂದೂ ಹೋಯ್ತು, ಊರಿಗೆಲ್ಲ ಶೂ ನೋಡ್ಕೊಳ್ಳಿ ಅಂತ ಹೇಳೋ ಮನುಷ್ಯ ನಾನು. ಬ್ಯಾಗಲ್ಲಿದ್ದ ಟೇಪ್ ಸುತ್ತಿದ್ರೆ ಒದ್ದೆ ನೆಲದಲ್ಲಿ ಹತ್ತು ನಿಮಿಷ ನಿಲ್ಲಲಿಲ್ಲ. ಕೊನೆಗೆ ಟೆಂಟಿನ ದಾರ ಬಿಚ್ಚಿ, ಬೆರಳ ಹತ್ರ ಒಂದು ಸುತ್ತು, ಹಿಮ್ಮಡಿ ಮುಂದೆ ಒಂದು ಸುತ್ತು ಹಾಕಿ ಲೇಸಿಗೆ ಗಂಟು ಕಟ್ಕೊಂಡು ಕೋಳಿ ಥರ ಕಾಲೆತ್ತಿಡ್ತಾ ಇಳಿದೆ. ಅವತ್ತಿಂದ ಬ್ಯಾಗಲ್ಲಿ ದಪ್ಪ ಕೇಬಲ್ ಟೈ ಎಂಟು ಇಟ್ಕೊಂಡಿರ್ತೀನಿ, ತೂಕ ಏನೂ ಇಲ್ಲ, ದಾರಕ್ಕಿಂತ ಬಿಗಿಯಾಗಿ ಹಿಡಿಯತ್ತೆ.

ಈಗ ನಿಮ್ಮ ಶೂ ಬದುಕತ್ತಾ? ಕಿತ್ತು ಬಂದಿರೋ ಜಾಗದಲ್ಲಿ ಉಗುರಿಂದ ಕೆರೆದು ನೋಡಿ. ಸ್ಪಂಜು ಗಟ್ಟಿಯಾಗಿ, ಎಳೆದ್ರೆ ವಾಪಸ್ ಬರೋ ಹಂಗಿದ್ದು ಬರೀ ಗಮ್ ಬಿಟ್ಟಿದ್ರೆ ರಿಪೇರಿ ಆಗತ್ತೆ, ರಸ್ತೆ ಪಕ್ಕ ಚಪ್ಪಲಿ ಹೊಲಿಯೋರು ಕೂಡ ಹಳೇ ಗಮ್ ಕೆರೆದು ಸೆಲ್ಯೂಷನ್ ಹಚ್ಚಿ ಒತ್ತಿ ಕೊಡ್ತಾರೆ. ಸುತ್ತ ಹೊಲಿಗೆ ಹಾಕೋಕೆ ಬಂದ್ರೆ ಮಾತ್ರ ಬೇಡ ಅನ್ನಿ, ಸೂಜಿ ಒಳಗಿನ ವಾಟರ್‌ಪ್ರೂಫ್ ಪದರ ತೂತು ಮಾಡಿದ್ರೆ ಅದು ಇದ್ದೂ ಇಲ್ಲದಂಗೆ. ಆದ್ರೆ ಕೆರೆದಾಗ ರವೆ ಥರ ಉದುರಿದ್ರೆ ಯಾವ ಗಮ್ಮೂ ಹಿಡಿಯಲ್ಲ, ಪುಡಿ ಮೇಲೆ ಅಂಟಿಸಿದಂಗೆ. ಆಗ ಪೂರ್ತಿ ಮಿಡ್‌ಸೋಲ್ ಕಿತ್ತು ಹೊಸ ಸೋಲ್ ಕೂರಿಸ್ಬೇಕು, ಮೇಲ್ಭಾಗ ಒಳ್ಳೇ ಲೆದರ್ ಆಗಿದ್ರೆ ಮಾತ್ರ ಆ ಖರ್ಚು ಮಾಡಿ, ಹಿಡಿತ ಮೊದಲಿನ ಹಂಗೆ ಬರತ್ತೆ ಅನ್ನೋ ಗ್ಯಾರಂಟಿ ಇಲ್ಲ. ನೀವು ಬರೆದಿದ್ದು ನೋಡಿದ್ರೆ, ಒಂದೇ ದಿನ ಎರಡೂ ಕಾಲು ಅಂದ್ರೆ, ನಿಮ್ಮದು ಮೈಸೂರ್‌ಪಾಕ್ ಕೇಸೇ.

ಹೊಸದು ತಗೊಳ್ಳೋವಾಗ ಇವಿಎ ಅನ್ನೋ ಬೇರೆ ಜಾತಿ ಸ್ಪಂಜಿನ ಮಿಡ್‌ಸೋಲ್ ಇರೋದು ಕೇಳಿ. ಅದು ನಡೆದೂ ನಡೆದೂ ಚಪ್ಪಟೆ ಆಗತ್ತೆ, ಆದ್ರೆ ಹಿಂಗೆ ಕೈಕೊಡಲ್ಲ, ನಿಮ್ಮ ಥರ ವರ್ಷಕ್ಕೆ ಎರಡು ಸಲ ಹೋಗೋರಿಗೆ ಅದೇ ಸರಿ. ಡಿಸ್ಕೌಂಟ್ ಸೇಲ್‌ನಲ್ಲಿ ಪಿಯು ಶೂ ಸಿಕ್ತು ಅಂತ ಖುಷಿ ಪಡೋ ಮುಂಚೆ ನಾಲಿಗೆ ಕೆಳಗಿನ ಲೇಬಲ್ ನೋಡಿ, ಕೆಲವರು ತಯಾರಾದ ತಿಂಗಳು ವರ್ಷ ಹಾಕಿರ್ತಾರೆ, ಅಂಗಡಿ ಗೋಡೌನಲ್ಲಿ ಕಳೆದ ವರ್ಷಾನೂ ಲೆಕ್ಕಕ್ಕೆ ಬರತ್ತೆ. ಇನ್ನು ಮಳೆಗಾಲದ ಮಲೆನಾಡಿಗೆ ವಾಟರ್‌ಪ್ರೂಫ್ ಶೂ ಬೇಕೇ ಬೇಕು ಅನ್ನೋದನ್ನ ನಾನು ಒಪ್ಪಲ್ಲ. ಹಳ್ಳ ದಾಟೋವಾಗ ನೀರು ಮೇಲಿಂದ ಒಳಗೆ ಹೋಗತ್ತೆ, ಆಮೇಲೆ ಹೊರಗೆ ಬರೋಕೆ ದಾರಿ ಇಲ್ಲ, ಬಕೆಟಲ್ಲಿ ಕಾಲಿಟ್ಕೊಂಡು ನಡೆದಂಗೆ. ನೀರು ಬಂದು ಹೋಗೋ ಜಾಲರಿ ಶೂ, ಅದರ ಒಳಗೆ ಮಂಡಿವರೆಗೆ ಬರೋ, ಇಂಬಳ ತಡೆಯೋ ಸಾಕ್ಸ್, ಇದು ನಡೆಯೋರಿಗೆ. ತೋಟದೊಳಗೇ ಓಡಾಡೋದಾದ್ರೆ ಆ ತೋಟದ ಅಣ್ಣನ ಗಮ್‌ಬೂಟಿಗಿಂತ ಬೇರೆ ಇಲ್ಲ, ಆದ್ರೆ ಅದು ಹಾಕ್ಕೊಂಡು ಬೆಟ್ಟ ಹತ್ತಬೇಡಿ, ಒಳಗೆ ಕಾಲು ಜಾರಿ ಹಿಮ್ಮಡಿ ಸುಲಿದೋಗತ್ತೆ.

ಟೆಂಟಿಂದೂ ಇದೇ ರೋಗ. ಟೆಂಟಿನ ಮೇಲೆ ಹೊದಿಸೋ ಹೊರಬಟ್ಟೆ, ಅಂದ್ರೆ ಫ್ಲೈ, ಅದರ ಒಳಮೈಗೆ, ಕೆಳಗಿನ ನೆಲಕ್ಕೆ ಪಿಯು ಲೇಪ ಇರತ್ತೆ, ಅದು ನೀರು ತಡೆಯೋದು. ಅದು ಒಡೆದು ಅಂಟಾಗಿ ಬಿಡುಗಡೆ ಮಾಡೋ ಆಸಿಡ್ಡಿಂದಾನೇ ಆ ವಾಂತಿ ವಾಸನೆ. ಫಂಗಸ್ ಅಂದ್ಕೊಂಡು ಬಿಸಿಲಿಗೆ ಹಾಕೋರೇ ಜಾಸ್ತಿ, ಬಿಸಿಲಿಂದ ಅಂಟು ಹೋಗಲ್ಲ, ಮೇಲಾಗಿ ನೈಲಾನ್ ಪಾಲಿಯೆಸ್ಟರ್ ದಾರ ಪೊಳ್ಳಾಗತ್ತೆ. ಹಗಲೆಲ್ಲ ಟೆರೇಸಲ್ಲಿ ಒಣಗಿ ಒಣಗಿ ಆಮೇಲೆ ಬೆರಳು ಚುಚ್ಚಿದ್ರೆ ಹರಿಯೋ ಫ್ಲೈ ತಂದು ಕೊಟ್ಟೋರಿದಾರೆ ನಂಗೆ.

ಬೆಂಗಳೂರಿನ ಹವೆ ತಣ್ಣಗಿರತ್ತಲ್ಲ, ಇಲ್ಲಿ ಯಾಕೆ ಹಿಂಗಾಗತ್ತೆ ಅಂತ ಕೇಳ್ತಾರೆ. ಹೊರಗಿನ ಹವೆ ಬಿಡಿ, ಸಜ್ಜದ ಹವೆ ನೋಡಿ. ಮೇಲಿನ ಮಹಡಿ ಮನೆ ಆದ್ರೆ ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಸ್ಟೂಲ್ ಹಾಕ್ಕೊಂಡು ಹತ್ತಿ ಆ ಮೂಲೇಲಿ ಕೈಯಿಟ್ಟು ನೋಡಿ, ಮೇಲಿನ ಕಾಂಕ್ರೀಟ್ ಕಾದು ದೋಸೆ ಕಾವಲಿ ಥರ ಇರತ್ತೆ. ಅಲ್ಲಿಗೆ, ಕೊನೇ ಟ್ರಿಪ್ಪಿಂದ ಬಂದ ಭಾನುವಾರ ರಾತ್ರಿ ಅರೆಬರೆ ಒಣಗಿದ ಟೆಂಟನ್ನ ಪ್ಲಾಸ್ಟಿಕ್ಕಲ್ಲಿ ಗಂಟು ಕಟ್ಟಿ ಇಟ್ರೆ ಅದು ಪಾರ್ಸಲ್ ಅಲ್ಲ, ಇಡ್ಲಿ ಪಾತ್ರೆ. ಒಳಗೆ ಸಿಕ್ಕ ಹಬೆ ವರ್ಷಗಟ್ಟಲೆ ಅಲ್ಲೇ ಬೇಯಿಸ್ತಿರತ್ತೆ.

ಸರಿ, ಏನು ಮಾಡೋದು. ಒಂದು ದಾರಿ, ಆ ಹಳೇ ಲೇಪ ಪೂರ್ತಿ ತೆಗೆದು ಹೊಸದು ಬಳಿಯೋದು. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕ್ಕೊಂಡು ಸ್ವಲ್ಪ ಸ್ವಲ್ಪ ಜಾಗ ಉಜ್ಜಿ ಅಂಟು ಕರಗಿಸಿ, ಸೋಪು ನೀರಲ್ಲಿ ತೊಳೆದು, ಒಣಗಿಸಿ, ಬ್ರಷ್ಷಿಂದ ಟೆಂಟಿಗಂತಲೇ ಸಿಗೋ ಪಿಯು ಲೇಪ ಹಚ್ಚೋದು. ಎರಡು ದಿನದ ಕೆಲಸ, ಭುಜ ಬಿದ್ದೋಗತ್ತೆ. ಆಲ್ಕೋಹಾಲ್ ಬೆಂಕಿ ಹಿಡಿಯೋ ವಸ್ತು, ಅದಕ್ಕೆ ಗಾಳಿ ಆಡೋ ಟೆರೇಸಲ್ಲಿ ಮಾಡಿ, ಗೀಸರ್ ಇರೋ ಬಾತ್‌ರೂಮಲ್ಲಿ ಅಲ್ಲ. ಇಷ್ಟೆಲ್ಲಾ ಮಾಡಿದ್ರೂ ಹೊಲಿಗೆ ಮೇಲಿನ ಟೇಪ್ ಎದ್ದುಬರೋ ಚಾನ್ಸ್ ಇದೆ, ಅಲ್ಲಲ್ಲಿ ತೇಪೆ ಥರ ಸೋರೋದೂ ಇದೆ. ದುಬಾರಿ ಟೆಂಟಾದ್ರೆ ಪ್ರಯತ್ನ ಪಡಿ. ಹಾರ್ಡ್‌ವೇರ್ ಅಂಗಡಿ ಸಿಲಿಕಾನ್ ಮಾತ್ರ ಬಳೀಬೇಡಿ, ಪಿಯು ಬಟ್ಟೆ ಮೇಲೆ ಸಿಲಿಕಾನ್ ನಿಲ್ಲಲ್ಲ, ಒಂದ್ಸಲ ಸಿಲಿಕಾನ್ ಹತ್ತಿದ ಮೇಲೆ ಬೇರೆ ಏನೂ ನಿಲ್ಲಲ್ಲ, ಟೆಂಟು ಅಲ್ಲಿಗೆ ಮುಗೀತು.

ನಾನಾಗಿದ್ರೆ ಇನ್ನೊಂದು ದಾರಿ ಹಿಡೀತಿದ್ದೆ. ನಿಮ್ಮ ಟೆಂಟಿನ ಒಳಗಿನ ಸೊಳ್ಳೆಪರದೆ ಭಾಗಕ್ಕೆ ಲೇಪ ಇರಲ್ಲ, ಅದು ಚೆನ್ನಾಗೇ ಇರತ್ತೆ, ಟೆಂಟ್ ನಿಲ್ಲಿಸೋ ಕಂಬಿಗಳೂ ಚೆನ್ನಾಗಿರತ್ತೆ. ಫ್ಲೈ ಬಿಸಾಕಿ, ಅದನ್ನ ಒಂದು ಟಾರ್ಪಾಲಿನ್ ಕೆಳಗೆ ಹಾಕಿ. ನೆಲ ಅಂಟಾಗಿದ್ರೆ ಅದರ ಮೇಲೆ ಒಂದು ಪ್ಲಾಸ್ಟಿಕ್ ಚಾಪೆ ಹಾಸಿ, ಕತೆ ಮುಗೀತು. ಎಸ್‌ಪಿ ರೋಡ್ ಸುತ್ತಮುತ್ತ ಯಾವ ಹಾರ್ಡ್‌ವೇರ್ ಅಂಗಡೀಲೂ ಟಾರ್ಪಾಲಿನ್ ಜಿಎಸ್‌ಎಂ, ಅಂದ್ರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನೋ ಲೆಕ್ಕದಲ್ಲಿ ಸಿಗತ್ತೆ, ಜಿಎಸ್‌ಎಂ ಜಾಸ್ತಿ ಆದಷ್ಟೂ ದಪ್ಪ, ತೂಕಾನೂ ಜಾಸ್ತಿ. ಇಬ್ಬರಿಗೆ 12 ಅಡಿಗೆ 10 ಅಡಿ ಸಾಕು. ನಮ್ಮ ಮಳೆಗೆ ಇದು ಟೆಂಟಿಗಿಂತ ವಾಸಿ ಅಂತ ನಂಗನ್ಸತ್ತೆ, ಯಾಕಂದ್ರೆ ಜೂನ್ ತಿಂಗಳ ಘಟ್ಟದಲ್ಲಿ ಟೆಂಟ್ ಮುಚ್ಕೊಂಡು ಮಲಗಿದ್ರೆ ಉಸಿರಿನ ನೀರೇ ಬೆಳಗ್ಗೆ ಮುಖದ ಮೇಲೆ ಹನಿಯತ್ತೆ, ಟಾರ್ಪಾಲಿನ್ ಕೆಳಗೆ ಗಾಳಿ ಆಡ್ತಿರತ್ತೆ.

ಕಟ್ಟೋದ್ರಲ್ಲಿ ಎರಡು ವಿಷಯ. ಮೂಲೇಲಿರೋ ಲೋಹದ ಬಳೆ ಹಾಕಿದ ತೂತಿಗೆ ನೇರ ದಾರ ಕಟ್ಟಿದ್ರೆ ಒಂದು ಜೋರು ಗಾಳಿಗೆ ತೂತೇ ಹರ್ಕೊಂಡು ಹೋಗತ್ತೆ. ಅದರ ಬದಲು ಮೂಲೆಯಿಂದ ಒಂದು ಗೇಣು ಒಳಗೆ ಅಡಿಕೆ ಗಾತ್ರದ ನುಣ್ಣನೆ ಕಲ್ಲಿಟ್ಟು, ಟಾರ್ಪಾಲಿನ್ನನ್ನ ಅದರ ಸುತ್ತ ಸುತ್ತಿ ಗಂಟಲು ಕಟ್ಟಿದಂಗೆ ದಾರ ಬಿಗೀರಿ, ಅದು ಬಿಡೋ ಮಾತೇ ಇಲ್ಲ. ಎರಡನೇದು, ಮರದಿಂದ ಮರಕ್ಕೆ ಎಳೆದ ಹಗ್ಗ ಹಿಡ್ಕೊಂಡು ನೀರು ಸೀದಾ ಒಳಗೆ ಬರತ್ತೆ. ಟಾರ್ಪಾಲಿನ್ನಿಗೆ ಮುಟ್ಟೋ ನಾಲ್ಕು ಬೆರಳು ಮುಂಚೆ ಹಗ್ಗಕ್ಕೆ ಹಳೇ ಬಟ್ಟೆ ಚೂರು ಕಟ್ಟಿ ಬಾಲ ಕೆಳಗೆ ಬಿಡಿ, ನೀರು ಆ ಬಾಲ ಹಿಡ್ಕೊಂಡು ಇಳಿದು ಹೋಗತ್ತೆ. ರಾತ್ರಿ ಟಾರ್ಚ್ ಹಾಕಿ ಅದು ಹನಿಯೋದು ನೋಡ್ತಾ ಮಲಗೋ ಸುಖಾನೇ ಬೇರೆ.

ಜಾಕೆಟ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಅದು ಸೋರಿಲ್ಲ, ನಿಮ್ಮ ಬೆವರು. ಬ್ರೀದಬಲ್, ಅಂದ್ರೆ ಬೆವರಿನ ಆವಿ ಹೊರಗೆ ಬಿಡೋ ಬಟ್ಟೆ ಕೆಲಸ ಮಾಡೋದು ಒಳಗಿನ ಗಾಳಿಗಿಂತ ಹೊರಗಿನ ಗಾಳಿ ಒಣಗಿದ್ರೆ ಮಾತ್ರ. ಆ ವಿಡಿಯೋ ಮಾಡೋರು ಚಳಿ ದೇಶದವರು, ಅವರಲ್ಲಿ ಅದು ನಿಜ. ಮಳೆ ಹುಯ್ತಿರೋ ಸಕಲೇಶಪುರದಲ್ಲಿ ಹೊರಗಿನ ಗಾಳೀನೇ ನೆಂದಿರತ್ತೆ, ಬೆವರಿನ ಆವಿ ಎಲ್ಲಿಗೆ ಹೋಗ್ಬೇಕು? ಜಾಕೆಟ್ ಬಿಸಾಕಬೇಡಿ, ಡಿಟರ್ಜೆಂಟ್ ಪೂರ್ತಿ ಹೋಗೋ ಹಂಗೆ ತೊಳೆದು, ಲೇಬಲ್ ಒಪ್ಪಿದ್ರೆ ಮೇಲೆ ಬಟ್ಟೆ ಹಾಕಿ ಸಣ್ಣ ಉರೀಲಿ ಇಸ್ತ್ರಿ ಮಾಡಿ, ಹನಿ ಮತ್ತೆ ಉರುಳೋಕೆ ಶುರುವಾಗತ್ತೆ, ಚಳಿಗಾಲದ ಗಾಳಿಗೆ ಇಟ್ಕೊಳ್ಳಿ. ಮಳೆಗೆ ದೊಡ್ಡ ಛತ್ರಿ ಅಥವಾ ಸಡಿಲ ಪೊಂಚೋ. ಕಂಬಳಿ ಕೊಪ್ಪೆ ಭಾರ, ಒದ್ದೆಯಾದ್ರೆ ಇನ್ನೂ ಭಾರ, ಆದ್ರೆ ಉಣ್ಣೆ ನೆಂದ್ರೂ ಮೈ ಬೆಚ್ಚಗಿಡತ್ತೆ, ಮುಂದೆ ತೆರೆದಿರೋದ್ರಿಂದ ಬೆವರೂ ನಿಲ್ಲಲ್ಲ. ಒಂದು ಚಳ್ಳಕೆರೆ ಕಂಬಳಿ ನನ್ನ ಗಾಡೀಲಿ ಯಾವಾಗ್ಲೂ ಇರತ್ತೆ. ಹೊಸದು ತಗೊಳ್ಳೋ ಪಟ್ಟೀಲಿ ಮೈನಸ್ 10 ಡಿಗ್ರಿ ಸ್ಲೀಪಿಂಗ್ ಬ್ಯಾಗ್ ಇದ್ರೆ ಹೊಡೆದಾಕಿ, ಬೆಂಗಳೂರಲ್ಲಿ ಇಲ್ಲಿವರೆಗೆ ದಾಖಲಾಗಿರೋ ಕನಿಷ್ಠ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರೀಲಿ.

ಇನ್ನು ಚಾಕು. ಇದೊಂದು ಪೂರ್ತಿ ಉಳಿಯತ್ತೆ, ಚಿಂತೆ ಬೇಡ. ಕೆಂಪು ತುಕ್ಕನ್ನ ಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ಪಾತ್ರೆ ಉಜ್ಜೋ ಹಸಿರು ನಾರಿಂದ ಉದ್ದಕ್ಕೆ ಉಜ್ಜಿ, ಅಜ್ಜಿ ಕಾಲದಲ್ಲಿ ಇಟ್ಟಿಗೆ ಪುಡಿ ಹಾಕ್ತಿದ್ರು, ಅದೂ ಆಗತ್ತೆ. ಕೆಂಪು ಹೋಗಿ ಕಪ್ಪು ಕಲೆ ಉಳಿದ್ರೆ ಅದನ್ನ ತೆಗೀಬೇಡಿ. ನಿಮ್ಮ ಮನೇಲಿ ಹಳೇ ಈಳಿಗೆ ಮಣೆ ಇದ್ರೆ ನೋಡಿ, ಅದೂ ಸ್ಟೇನ್‌ಲೆಸ್ ಅಲ್ಲ, ಕಪ್ಪಗಿರತ್ತೆ, ದಿನಾ ಮಾವಿನಕಾಯಿ ನಿಂಬೆಹಣ್ಣು ಹೆಚ್ಚಿ ಹೆಚ್ಚಿ ಆ ಹುಳಿಗೇ ಕಪ್ಪು ಪದರ ಕಟ್ಟಿರತ್ತೆ, ಅದು ಕೆಂಪು ತುಕ್ಕಿನ ದಾರಿ ನಿಧಾನ ಮಾಡತ್ತೆ. ಅಜ್ಜಿ ಅದಕ್ಕೆ ಯಾವ ಸ್ಪ್ರೇನೂ ಹೊಡೀಲಿಲ್ಲ, ಹೆಚ್ಚಿದ ತಕ್ಷಣ ಸೆರಗಲ್ಲಿ ಒರೆಸಿ ಗೋಡೆಗೆ ಒರಗಿಸಿ ಇಡ್ತಿದ್ರು ಅಷ್ಟೇ. ನಿಮ್ಮ ಚಾಕು ಹಾಳಾಗಿದ್ದು ಲೆದರ್ ಕವರಿಂದ. ಲೆದರ್ ತೇವ ಹೀರ್ಕೊಂಡು ಬ್ಲೇಡಿಗೆ ಒದ್ದೆ ಬಟ್ಟೆ ಸುತ್ತಿದಂಗೆ ಇಟ್ಕೊಂಡಿರತ್ತೆ. ಮನೇಲಿ ಕವರ್ ಬೇರೆ, ಚಾಕು ಬೇರೆ ಇಡಿ. ತಿನ್ನೋ ಪದಾರ್ಥ ಕತ್ತರಿಸೋ ಚಾಕುಗೆ ಕೊಬ್ಬರಿ ಎಣ್ಣೆ ತೆಳ್ಳಗೆ ಸಾಕು, ತಿಂಗಳುಗಟ್ಟಲೆ ಇಡೋದಾದ್ರೆ ಹೊಲಿಗೆ ಮೆಷಿನ್ ಎಣ್ಣೆ ಒಳ್ಳೇದು, ಬಳಸೋ ಮುಂಚೆ ತೊಳ್ಕೊಳ್ಳಿ. ಸೂರ್ಯಕಾಂತಿ ಎಣ್ಣೆ ಬೇಡ, ಒಣಗಿ ಗೋಂದಾಗತ್ತೆ.

ಬೀದೀಲಿ ಸಾಣೆ ಹಿಡಿಯೋರ ಹತ್ರ ಕೊಡೋದಾದ್ರೆ ಪಕ್ಕದಲ್ಲಿ ನಿಂತು ನೋಡಿ, ಪ್ರತಿ ಸಲ ಉಜ್ಜಿದ ಮೇಲೆ ನೀರಿಗೆ ಅದ್ದೋಕೆ ಹೇಳಿ. ಅಂಚು ನೀಲಿ ಬಣ್ಣಕ್ಕೆ ತಿರುಗಿದ್ರೆ ಅಲ್ಲಿ ಉಕ್ಕಿನ ಹದ ಹೋಯ್ತು ಅಂತಲೇ, ಎಷ್ಟು ಮಸೆದ್ರೂ ಮೊನೆ ನಿಲ್ಲಲ್ಲ. ಮಸೆಗಲ್ಲಲ್ಲಿ ನೀವೇ ಮಾಡಿದ್ರೆ ನಿಧಾನ, ಆದ್ರೆ ಈ ಭಯ ಇಲ್ಲ. ಕೆರೆದ್ರೆ ಕಿಡಿ ಹಾರೋ ಫೆರೋ ಕಡ್ಡಿಗೆ ಕಾರ್ಬನ್ ಸ್ಟೀಲ್ ಚಾಕುವೇ ಬೇಕು ಅಂತ ವಿಡಿಯೋದಲ್ಲಿ ಕೇಳಿರ್ತೀರ, ಸುಳ್ಳು, ಅದನ್ನ ಮುರಿದ ಹ್ಯಾಕ್ಸಾ ಬ್ಲೇಡ್ ಕೂಡ ಕೆರೆಯತ್ತೆ, ಚೂಪಾದ ಮೂಲೆ ಇದ್ರಾಯ್ತು. ನಿಮ್ಮ ಕಿಟ್‌ನಲ್ಲಿ ಆ ಕಡ್ಡಿ ಇದ್ರೆ ಈಗಲೇ ತೆಗೆದು ನೋಡಿ, ತೇವಕ್ಕೆ ಅದೂ ಬಿಳೀ ಪುಡಿಯಾಗತ್ತೆ. ಚೆನ್ನಾಗಿದ್ರೆ ಹೆಂಡತಿ ನೇಲ್ ಪಾಲಿಶ್ ಒಂದು ಕೋಟ್ ಹಚ್ಚಿಡಿ, ಕೇಳಿ ತಗೊಳ್ಳಿ, ಈಗಾಗ್ಲೇ ಸಾಕಷ್ಟು ನಕ್ಕಿದಾರೆ.

ಉಳಿದಿದ್ದನ್ನೆಲ್ಲ ಎಲ್ಲಿಡೋದು ಅಂದ್ರೆ, ಬಟ್ಟೆ ಬೀರುವಿನ ಕೆಳಗಿನ ಖಾನೆ. ಟೆಂಟನ್ನ ಅದರ ಚೀಲಕ್ಕೆ ತುರುಕಬೇಡಿ, ಹಳೇ ಪಂಚೇಲೋ ದಿಂಬಿನ ಕವರಲ್ಲೋ ಸಡಿಲವಾಗಿ ಹಾಕಿ. ಟ್ರಿಪ್ಪಿಂದ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ರೂ ಹಾಲಲ್ಲಿ ಕುರ್ಚಿಗಳ ಮೇಲೆ ಹರಡಿ ಫ್ಯಾನ್ ಹಾಕಿ ಮಲಗಿ. ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ಆಯುಧಪೂಜೆಗೊಮ್ಮೆ ಅಂತಿಟ್ಕೊಳ್ಳಿ, ಎಲ್ಲಾ ಹೊರಗೆ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ. ಶೂ ಮಾತ್ರ ಒಳಗಿಡ್ಲೇಬೇಡಿ, ತರಕಾರಿ ತರೋಕೆ ಅದನ್ನೇ ಹಾಕ್ಕೊಂಡು ಹೋಗಿ.

ಕೊನೇದು ಕತ್ತಿ. ಮಲೆನಾಡಿನ ಊರುಗಳಲ್ಲಿ ಇನ್ನೂ ಕುಲುಮೆ ಇಟ್ಕೊಂಡಿರೋರಿದಾರೆ, ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡ್ತಾರೆ, ಸೌದೆ ಸೀಳೋಕೆ, ಪೊದೆ ಸವರೋಕೆ ಆನ್‌ಲೈನಲ್ಲಿ ಬರೋ ಯಾವ ಸರ್ವೈವಲ್ ಚಾಕೂನೂ ಅದರ ಮುಂದೆ ನಿಲ್ಲಲ್ಲ. ಫ್ರೆಂಡ್ ತೋಟದಲ್ಲೇ ಇಟ್ಟು ಅಲ್ಲೇ ಬಳಸಿ ಅನ್ನೋದು ನನ್ನ ಸಲಹೆ. 1959ರ ಆರ್ಮ್ಸ್ ಆಕ್ಟ್ ಕೆಳಗಿನ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಬ್ಲೇಡು ಆಯುಧದ ಲೆಕ್ಕಕ್ಕೆ ಬರತ್ತೆ, ಮನೆಕೆಲಸ, ಕೃಷಿ ಇಂಥದಕ್ಕೆ ಅಂತ ಮಾಡಿದ್ದಕ್ಕೆ ವಿನಾಯ್ತಿ ಇದೆ. ತೋಟದಲ್ಲಿ ಅದು ಕೃಷಿ ಉಪಕರಣ, ಬೆಂಗಳೂರಲ್ಲಿ ರಾತ್ರಿ ಹನ್ನೊಂದಕ್ಕೆ ನಾಕಾಬಂದೀಲಿ ಸಿಕ್ಕಿದ್ರೆ ಅದು ಮಚ್ಚು, ಪೊಲೀಸರಿಗೆ ನೀವು ಬುಷ್‌ಕ್ರಾಫ್ಟ್, ಕಾಡಲ್ಲಿ ಬದುಕೋ ಕಲೆ ಅಂತ ಪಾಠ ಮಾಡೋಕಾಗಲ್ಲ. ವನ್ಯಜೀವಿಧಾಮಕ್ಕಂತೂ ಒಯ್ಯಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಚಾಕೂನೂ ಆಯುಧವೇ, ಲಿಖಿತ ಅನುಮತಿ ಇಲ್ದೆ ಹಿಡ್ಕೊಂಡು ಒಳಗೆ ಹೋಗೋ ಹಂಗಿಲ್ಲ, ಕಾಡಿಗೆ ಅಪಾಯ ಆಗೋ ಹಂಗೆ ಬೆಂಕಿ ಹಚ್ಚೋದೂ ಅಪರಾಧ. ಮನೆಗೆ ತರಲೇಬೇಕು ಅಂದ್ರೆ ಗೋಣಿಚೀಲದಲ್ಲಿ ಸುತ್ತಿ, ಹಗ್ಗ ಕಟ್ಟಿ, ಕಾರಿನ ಡಿಕ್ಕಿ ತಳಕ್ಕೆ ಹಾಕಿ ಸೀದಾ ಬನ್ನಿ. ಬ್ಯಾಗಲ್ಲಿ ಹಾಕ್ಕೊಂಡು ಮೆಟ್ರೋ ಹತ್ತೋಕೆ ಹೋಗಬೇಡಿ, ನನ್ನ ಹತ್ರ ರಿಪೇರಿಗೆ ಅಂತ ತರ್ತಿದ್ದ ಒಬ್ರು ಸ್ಕ್ಯಾನರ್ ಪಕ್ಕ ಮುಕ್ಕಾಲು ಗಂಟೆ ನಿಂತು, ಕೊನೆಗೆ ನಾನೇ ಹೋಗಿ ಬಿಡಿಸ್ಕೊಂಡು ಬಂದೆ.